ಮಂಚದ ಪಕ್ಕದ ಗೋಣಿಚೀಲ

ಮಗಳ ಮಂಚದ ಪಕ್ಕದಲ್ಲಿ, ಕಿಟಕಿಯ ಕೆಳಗೆ, ನಾಲ್ಕು ಮಡಿಕೆ ಮಾಡಿ ಹಾಸಿದ ಗೋಣಿಚೀಲವೊಂದಿದೆ. ಅದರ ಮೇಲೆ ನನ್ನ ಹಳೆಯ ಪಂಚೆಯಿಂದ ಹೊಲಿದ ಹೊದಿಕೆಯಿದೆ. ವಾರಕ್ಕೊಮ್ಮೆ ಅದನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುತ್ತೇವೆ. ನಮ್ಮ ನಾಯಿ ಬೊಳ್ಳು ಒಂದೂವರೆ ವರ್ಷದಿಂದ ಮಲಗುತ್ತಿರುವುದು ಅಲ್ಲಿಯೇ. ಅದಕ್ಕೂ ಮೊದಲು ಎಂಟು ತಿಂಗಳ ಕಾಲ ಅವನು ಮಂಚದ ಮೇಲೆ, ಮಗಳ ಕಾಲಬುಡದಲ್ಲಿ ಮಲಗುತ್ತಿದ್ದ. ಹಾಸಿಗೆಗೂ ಗೋಣಿಗೂ ನಡುವಿನ ಅಂತರ ಒಂದೂವರೆ ಅಡಿಗಿಂತ ಹೆಚ್ಚಿಲ್ಲ. ಅಷ್ಟು ಅಂತರವನ್ನಾದರೂ ಉಳಿಸಿಕೊಳ್ಳಬೇಕೆಂಬ ತೀರ್ಮಾನಕ್ಕೆ ನಾವು ಬಂದದ್ದು ಹೇಗೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮಗುವನ್ನೂ ನಾಯಿಯನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಬಹುದೇ ಎಂದು ಪರಿಚಿತರು ನನ್ನನ್ನು ಆಗಾಗ ಕೇಳುತ್ತಿರುತ್ತಾರೆ, ಮತ್ತು ಒಂದು ಮಾತಿನಲ್ಲಿ ಉತ್ತರ ಕೊಟ್ಟರೆ ಅದು ಅರ್ಧ ಉತ್ತರವಾಗುತ್ತದೆ.

ಉಡುಪಿ ಜಿಲ್ಲೆಯ ಪೆರ್ಡೂರಿನ ನಮ್ಮ ಹಿರಿಯರ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದಕ್ಕೇ ಅವಕಾಶವಿರಲಿಲ್ಲ. ಅಲ್ಲಿ ಉದ್ದನೆಯ ಜಗಲಿಯಿತ್ತು, ಅದರ ಮೂಲೆಯಲ್ಲಿ ನಾಯಿಯ ಜಾಗವಿತ್ತು, ಮಳೆ ಜೋರಾದರೆ ಕೊಟ್ಟಿಗೆಯ ಬದಿಯಲ್ಲಿ ಒಣಹುಲ್ಲಿನ ಆಸರೆಯಿತ್ತು. ಗಂಜಿ, ಮೀನಿನ ಮುಳ್ಳು ತಿಂದು, ರಾತ್ರಿ ಅಡಿಕೆ ತೋಟದ ಕಡೆಗೆ ಬೊಗಳಿ, ಅದು ತನ್ನ ಪಾಡಿಗೆ ಬದುಕುತ್ತಿತ್ತು. ಪರ್ಕಳದಲ್ಲಿ ಈಗ ನಾವಿರುವ ಮನೆಗೆ ಜಗಲಿಯಿಲ್ಲ. ಬಾಗಿಲು ತೆರೆದರೆ ನಾಲ್ಕು ಮೆಟ್ಟಿಲು, ಅದರಾಚೆಗೆ ರಸ್ತೆ. ಮಣಿಪಾಲದ ಫ್ಲಾಟುಗಳಲ್ಲಿಯೂ ಮಂಗಳೂರಿನ ಬಿಜೈ, ಕದ್ರಿಯ ಕಡೆಯ ವಸತಿ ಸಮುಚ್ಚಯಗಳಲ್ಲಿಯೂ ಇರುವವರಿಗೆ ಅಷ್ಟೂ ಇಲ್ಲ. ಹೊರಗೂ ಅಲ್ಲದ ಒಳಗೂ ಅಲ್ಲದ ಆ ನಡುವಿನ ಜಾಗ ಮನೆಗಳಿಂದ ಮಾಯವಾದದ್ದರಿಂದಲೇ ನಾಯಿ ಒಳಗೆ ಬಂದಿತು, ಒಳಗೆ ಬಂದದ್ದು ಮಕ್ಕಳ ಹಿಂದೆ ಮಂಚವನ್ನೂ ಏರಿತು ಎಂದು ನನಗೆ ತೋರುತ್ತದೆ. ಆದ್ದರಿಂದ "ಹಿಂದಿನವರು ಮಾಡುತ್ತಿರಲಿಲ್ಲ" ಎಂಬ ಮಾತಿನಿಂದ ಈಗಿನ ತಾಯಿತಂದೆಯರಿಗೆ ಪ್ರಯೋಜನವಿಲ್ಲ.

ಮಗಳಿಗೆ ಒಂದು ವರ್ಷ ತುಂಬಿದ ತಿಂಗಳಲ್ಲಿ ಬೊಳ್ಳು ಎರಡು ತಿಂಗಳ ಮರಿಯಾಗಿ ಬಂದ. ಊರ ನಾಯಿ, ಬಿಳಿಯ ಮೈ, ಎಡಗಿವಿಯ ಮೇಲೆ ಬೆಲ್ಲದ ಬಣ್ಣದ ಮಚ್ಚೆ. ಇಬ್ಬರೂ ಒಟ್ಟಿಗೇ ಬೆಳೆದರು. ಆರನೆಯ ವರ್ಷದಲ್ಲಿ ಅವಳಿಗೆ ಪ್ರತ್ಯೇಕ ಕೋಣೆ ಕೊಟ್ಟಾಗ, ಒಬ್ಬಳೇ ಮಲಗಲು ಅಂಜುತ್ತಿದ್ದವಳು ಬೊಳ್ಳುವನ್ನು ಕರೆದುಕೊಂಡಳು. ಮೊದಲ ರಾತ್ರಿಯೇ ಅವಳು ಅಳದೆ ನಿದ್ದೆಹೋದಳು. ನಾನೂ ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತು ನೋಡಿ, ಸಮಾಧಾನಪಟ್ಟು, ದೀಪ ಆರಿಸಿ ಬಂದೆವು. ಅಮ್ಮ ಮಾತ್ರ ಒಪ್ಪಲಿಲ್ಲ. "ನಾಯಿಯನ್ನು ಪ್ರೀತಿ ಮಾಡಬೇಡಿ ಅಂತ ನಾನು ಹೇಳಿದ್ದಲ್ಲ. ಅದರ ಜಾಗ ಅದಕ್ಕೆ ಉಂಟು, ಮಗುವಿನ ಜಾಗ ಮಗುವಿಗೆ ಉಂಟು. ಎರಡೂ ಒಂದೇ ಆದರೆ ಇಬ್ಬರಿಗೂ ಕಷ್ಟ" ಎಂದರು. ಅದನ್ನು ನಾನು ಮಡಿಮೈಲಿಗೆಯ ಮಾತೆಂದು ತಿಳಿದು ಬದಿಗಿಟ್ಟೆ. ಅವರು ಹೇಳಿದ್ದು ಅದಲ್ಲವೆಂದು ಅರ್ಥವಾಗಲು ನನಗೆ ಎಂಟು ತಿಂಗಳು ಬೇಕಾಯಿತು.

ಅದು ಜುಲೈ ತಿಂಗಳ ಒಂದು ರಾತ್ರಿ. ಸಂಜೆಯಿಂದ ಎಡೆಬಿಡದೆ ಮಳೆ ಸುರಿಯುತ್ತಿತ್ತು, ಕರೆಂಟ್ ಹೋಗಿತ್ತು. ಎರಡು ಗಂಟೆಯ ಹೊತ್ತಿಗೆ ಮಗಳು ಎದ್ದು ಬಚ್ಚಲಿಗೆ ಹೋಗಿ, ಕತ್ತಲಲ್ಲಿ ತಡಕಾಡುತ್ತಾ ಮರಳಿ ಮಂಚ ಹತ್ತುವಾಗ ಅವಳ ಮೊಣಕಾಲು ಬೊಳ್ಳುವಿನ ಹಿಂಗಾಲಿನ ಮೇಲೆ ಭಾರವಾಗಿ ಬಿತ್ತು. ನನಗೆ ಕೇಳಿಸಿದ್ದು ಒಂದು ಚಿಕ್ಕ ಚೀರು, ಅದಾದ ಮೇಲೆ ಮಗಳ ಅಳು. ಟಾರ್ಚ್ ಹಿಡಿದು ಓಡಿದಾಗ ಅವಳ ಬಲಗೈಯ ಮಣಿಕಟ್ಟಿನ ಮೇಲ್ಭಾಗದಲ್ಲಿ ಎರಡು ಹಲ್ಲಿನ ಗುರುತುಗಳಿದ್ದವು. ಒಂದು ಬರೀ ಕೆಂಪಾಗಿತ್ತು, ಇನ್ನೊಂದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಒಸರಿತ್ತು. ಬೊಳ್ಳು ಕೋಣೆಯ ಮೂಲೆಯಲ್ಲಿ ಗೋಡೆಗೆ ಮೈಯೊತ್ತಿ, ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಹೊಟ್ಟೆಯಡಿಗೆ ಸೇರಿಸಿ ನಿಂತಿದ್ದ. ಆರು ವರ್ಷ ಸಮೀಪಿಸಿದ್ದ ಆ ನಾಯಿ ಅಲ್ಲಿಯವರೆಗೆ ಯಾರಿಗೂ ಹಲ್ಲು ತೋರಿಸಿರಲಿಲ್ಲ.

ಸಾಬೂನು ಹಚ್ಚಿ, ಹರಿಯುವ ನೀರಿನಡಿಯಲ್ಲಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗಾಯವನ್ನು ತೊಳೆದೆವು. ಹದಿನೈದು ನಿಮಿಷವೆಂದರೆ ಅಳುವ ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡವರಿಗೆ ಬಹಳ ದೀರ್ಘ ಕಾಲ. ಆದರೂ ಅದನ್ನು ಕಡಿಮೆ ಮಾಡಬಾರದು, ಅರಿಸಿನವನ್ನೋ ಸುಣ್ಣವನ್ನೋ ಮೆತ್ತಬಾರದು. ಬೆಳಗಾಗುತ್ತಲೇ ಆಸ್ಪತ್ರೆಗೆ ಹೋದೆವು. ನಾಯಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿದ ಪುಸ್ತಕವನ್ನು ನಾನು ತೋರಿಸಿದೆ. ವೈದ್ಯರು ಅದನ್ನು ನೋಡಿ, ನಾಯಿಗೆ ಲಸಿಕೆಯಾಗಿದೆಯೆಂಬ ಕಾರಣಕ್ಕೆ ಮಗುವಿಗೆ ಕೊಡುವುದನ್ನು ತಡಮಾಡುವಂತಿಲ್ಲ, ಚರ್ಮ ಒಡೆದು ರಕ್ತ ಬಂದಿದ್ದರೆ ಅದು ಮೂರನೆಯ ವರ್ಗದ, ಎಂದರೆ ಅತಿ ಹೆಚ್ಚು ಅಪಾಯದ ಗಾಯ ಎಂದು ವಿವರಿಸಿದರು. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಎಂದರೆ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು, ಚುಚ್ಚಿದರು, ಚರ್ಮದ ಪದರದಲ್ಲಿ ಕೊಡುವ ಲಸಿಕೆಯನ್ನು ಅಂದು ಆರಂಭಿಸಿ 3, 7 ಮತ್ತು 28ನೇ ದಿನಗಳಿಗೆ ಬರಹೇಳಿದರು. ಹತ್ತು ದಿನ ನಾಯಿಯನ್ನು ಗಮನಿಸಬೇಕೆಂದೂ ಹೇಳಿದರು. ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ ಕಾಣಿಸಿಕೊಳ್ಳುವುದು ಅದು ಕಾಯಿಲೆ ಬೀಳುವ ಕೆಲವೇ ದಿನಗಳ ಮೊದಲು. ಆದ್ದರಿಂದ ಕಚ್ಚಿದ ನಾಯಿ ಹತ್ತು ದಿನ ಕಳೆದೂ ಆರೋಗ್ಯವಾಗಿದ್ದರೆ ಕಚ್ಚಿದ ಗಳಿಗೆಯಲ್ಲಿ ಅದರ ಬಾಯಲ್ಲಿ ವೈರಸ್ ಇರಲಿಲ್ಲವೆಂದು ನಂಬಬಹುದು. ಬೊಳ್ಳು ಆರೋಗ್ಯವಾಗಿಯೇ ಇದ್ದ. ನಾವು 28ನೇ ದಿನದ ಚುಚ್ಚುಮದ್ದನ್ನೂ ಬಿಡದೆ ಹಾಕಿಸಿದೆವು.

ಆ ವಾರ ಬೊಳ್ಳುವನ್ನು ಪಶುವೈದ್ಯರ ಬಳಿಗೆ ಕರೆದೊಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, ಕಚ್ಚುವುದಕ್ಕೆ ಒಂದು ಕ್ಷಣ ಮೊದಲು ನಾಯಿ ಏನು ಮಾಡುತ್ತಿತ್ತು ಎಂಬುದು. "ಮಲಗಿತ್ತು" ಎಂದೆ. "ಹಾಗಾದರೆ ನಿಮ್ಮ ಮಗಳನ್ನು ಕಚ್ಚಿದೆನೆಂಬುದು ಅದಕ್ಕೆ ಕಚ್ಚಿದ ಮೇಲೆಯೇ ಗೊತ್ತಾದದ್ದು" ಎಂದರು. ಈ ಮಾತು ನನ್ನ ಆಲೋಚನೆಯ ದಿಕ್ಕನ್ನೇ ಬದಲಿಸಿತು. ನಾಯಿಗೂ ನಮ್ಮಂತೆಯೇ ಗಾಢ ನಿದ್ದೆಯಿದೆ, ಕನಸು ಬೀಳುವಂಥ ನಿದ್ದೆಯೂ ಇದೆ. ಆಗ ಅದರ ಪಾದಗಳು ಓಡಿದಂತೆ ಅಲುಗುತ್ತವೆ, ಮೀಸೆ ಅದುರುತ್ತದೆ, ಮುಚ್ಚಿದ ಬಾಯಿಯೊಳಗಿಂದ ಸಣ್ಣ ಬೊಗಳು ಕೇಳಿಸುತ್ತದೆ. ಆದರೆ ರಾತ್ರಿಯನ್ನು ಒಂದೇ ಉದ್ದ ನಿದ್ದೆಯಾಗಿ ನಾಯಿ ಕಳೆಯುವುದಿಲ್ಲ; ತುಂಡು ತುಂಡಾಗಿ ಮಲಗುತ್ತದೆ, ನಡುನಡುವೆ ಎದ್ದು ಕಿವಿ ನಿಮಿರಿಸಿ ಮತ್ತೆ ಮಲಗುತ್ತದೆ. ಆರು ವರ್ಷದ ಮಗುವೋ, ನಿದ್ದೆಯಲ್ಲಿ ಹಾಸಿಗೆಯ ಈ ತುದಿಯಿಂದ ಆ ತುದಿಗೆ ಹೊರಳುತ್ತದೆ, ಒದೆಯುತ್ತದೆ, ಕನವರಿಸುತ್ತದೆ. ಎಚ್ಚರವಿದ್ದಾಗ ಇವರಿಬ್ಬರ ನಡುವೆ ಎಷ್ಟೇ ಸ್ನೇಹವಿರಲಿ, ನಿದ್ದೆಯಲ್ಲಿ ಇಬ್ಬರಿಗೂ ಇನ್ನೊಬ್ಬರ ಗುರುತು ಇರುವುದಿಲ್ಲ. ಬೆಚ್ಚಿಬಿದ್ದ ನಾಯಿ ಮೊದಲು ಬಾಯಿ ಹಾಕುತ್ತದೆ, ಆಮೇಲೆ ಕಣ್ಣು ತೆರೆಯುತ್ತದೆ. ಅಮ್ಮ ಹೇಳಿದ "ಇಬ್ಬರಿಗೂ ಕಷ್ಟ" ಎಂಬುದರ ಅರ್ಥ ಇದೇ. ನಾಯಿಯ ಕೊಳೆಯನ್ನು ಅಥವಾ ರೋಗವನ್ನು ಮುಂದಿಟ್ಟು ಈ ಪ್ರಶ್ನೆಯನ್ನು ಚರ್ಚಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಮೊದಲ ಕಾರಣ ಇದು.

ಚಿಕ್ಕ ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಬಹುಪಾಲು ಮಗುವಿಗೆ ಮೊದಲೇ ಪರಿಚಯವಿದ್ದ ನಾಯಿಗಳೇ, ಮತ್ತು ಸಣ್ಣ ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಮುಖ, ತಲೆ, ಕುತ್ತಿಗೆಗೆ. ನಿಂತಿರುವಾಗಲೇ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲಿರುತ್ತದೆ. ಹಾಸಿಗೆಯಲ್ಲಂತೂ ಎರಡು ಮುಖಗಳ ನಡುವೆ ಗೇಣು ಅಂತರವೂ ಉಳಿಯುವುದಿಲ್ಲ. ನನ್ನ ಮಗಳಿಗೆ ಮುಂಗೈಗೆ ತಾಗಿತು. ಅವಳು ಮೊಣಕಾಲಿನ ಬದಲು ತಲೆಯನ್ನು ಮೊದಲು ಇಟ್ಟಿದ್ದರೆ ಎಂಬ ಯೋಚನೆಯಿಂದ ನಾನು ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದೇನೆ.

ಎಚ್ಚರವಿರುವ ನಾಯಿ ಕಚ್ಚುವ ಮೊದಲು ತನ್ನ ಅಸಮಾಧಾನವನ್ನು ಹೇಳುತ್ತದೆ, ಕೇಳುವವರು ಬೇಕು. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆ, ಎದುರಿಗೆ ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ಅಪ್ಪಿಕೊಂಡ ಮಗುವಿನಿಂದ ಮುಖ ಆಚೆಗೆ ತಿರುಗಿಸುತ್ತದೆ, ಕಣ್ಣಿನ ಅಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈಯನ್ನು ಬಿಗಿ ಮಾಡುತ್ತದೆ. ಇಷ್ಟಾದ ಮೇಲೆ ಗುರುಗುಟ್ಟುತ್ತದೆ. ಗುರುಗುಟ್ಟಿದ ನಾಯಿಗೆ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಿಂದ ನಾಯಿ ಕಲಿಯುವುದು ಗುರುಗುಟ್ಟದೆ ನೇರವಾಗಿ ಕಚ್ಚುವುದನ್ನು. ಕೆಲವು ನಾಯಿಗಳು ಮಂಚವನ್ನೇ ತಮ್ಮದೆಂದು ತಿಳಿದು, ತಡವಾಗಿ ಬಂದು ಮಲಗುವವರನ್ನು ಗದರಿಸುತ್ತವೆ. ಅಂಥ ನಾಯಿಯಿರುವ ಮನೆಯಲ್ಲಿ ಈ ವಿಚಾರವನ್ನು ಚರ್ಚೆಗೆ ಎತ್ತಿಕೊಳ್ಳುವುದೇ ಬೇಡ.

ಇನ್ನು ರೋಗಗಳ ವಿಚಾರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆಂದೂ ಅದರಲ್ಲಿ ಶೇಕಡ 36ರಷ್ಟು ಸಾವು ಭಾರತದಲ್ಲಿ ಆಗುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ; ಶಂಕಿತ ಪ್ರಾಣಿಗಳಿಂದ ಕಡಿತಕ್ಕೆ ಒಳಗಾದವರಲ್ಲಿ ಸುಮಾರು ಶೇಕಡ 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಮೂರು ತಿಂಗಳಿಗೆ ಮೊದಲ ಲಸಿಕೆ ಪಡೆದು, ಆಮೇಲೆ ವರ್ಷವರ್ಷವೂ ತಪ್ಪದೆ ಪಡೆದ ಮನೆನಾಯಿಯಿಂದ ಈ ಭಯ ಬಹಳ ಕಡಿಮೆ. ಆದರೂ ಹಾಸಿಗೆಯ ಮೇಲೆ ನಡೆಯುವ ಒಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ: ಮಕ್ಕಳ ಮೊಣಕಾಲು ವರ್ಷವಿಡೀ ತರಚಿರುತ್ತದೆ, ನಾಯಿ ಅಲ್ಲಿಯೇ ನೆಕ್ಕುತ್ತದೆ. ಗಾಯವಿಲ್ಲದ ಚರ್ಮದ ಮೇಲಿನ ನೆಕ್ಕುವಿಕೆಗೆ ಚಿಕಿತ್ಸೆ ಬೇಡ. ಒಡೆದ ಚರ್ಮದ ಮೇಲಿನ ನೆಕ್ಕುವಿಕೆಯನ್ನು ವೈದ್ಯಶಾಸ್ತ್ರ ರಕ್ತ ಬಂದ ಕಡಿತದ ಸಾಲಿನಲ್ಲಿಯೇ ಇಡುತ್ತದೆ.

ಉಣುಗಿನ (ಉಣ್ಣಿಯ) ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆಯಬೇಕು. ಒಂದು ಸಂಜೆ ಹಾಸಿಗೆ ಕೊಡವುವಾಗ ಮಗಳ ದಿಂಬಿನ ಚೀಲದ ಹೊಲಿಗೆಯ ಮಡಿಕೆಯಲ್ಲಿ ಕಾಳುಮೆಣಸಿನಷ್ಟು ಗಾತ್ರದ, ಬೂದುಬಣ್ಣದ, ನುಣುಪಾದ ಒಂದು ಉಂಡೆ ಸಿಕ್ಕಿತು. ಬೆಳಕಿಗೆ ಹಿಡಿದಾಗ ಅದರ ಮುಂಭಾಗದಲ್ಲಿ ಎಳೆಯಂಥ ಕಾಲುಗಳು ನಿಧಾನವಾಗಿ ಅಲುಗಿದವು. ರಕ್ತ ಕುಡಿದು ಉದುರಿದ ಹೆಣ್ಣು ಉಣುಗು ಅದು. ನಾಯಿಯ ಕಂದು ಉಣುಗಿಗೆ ಕಾಡು ಬೇಡ, ಹುಲ್ಲೂ ಬೇಡ. ಮನೆಯೊಳಗಿನ ಗೋಡೆಯ ಬಿರುಕು, ಮಂಚದ ಸಂದು, ಬಾಗಿಲಿನ ದಾರಂದದ ಎಡೆ ಸಾಕು, ಅಲ್ಲಿಯೇ ಸಾವಿರಾರು ಮೊಟ್ಟೆಯಿಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಕಾಡಿನ ಉಣುಗು ಬೇರೆ ಜಾತಿಯದು, ಆದ್ದರಿಂದ ಮನೆಯ ನಾಯಿಯಲ್ಲಿ ಕಂದು ಉಣುಗು ಕಂಡಕೂಡಲೇ ಆ ಜ್ವರದ ಭಯ ಪಡಬೇಕಾಗಿಲ್ಲ. ಆದರೆ ಯಾವ ಉಣುಗೇ ಆಗಲಿ ಮಗುವಿನ ದಿಂಬಿನಲ್ಲಿರಬಾರದು. ಪಶುವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಅಗಿಯಲು ಕೊಡುವ ಮಾತ್ರೆಯನ್ನು ಈಗ ತಪ್ಪದೆ ಕೊಡುತ್ತೇವೆ. ಪ್ರತಿ ಸಂಜೆ ಮಗಳೇ ಬೊಳ್ಳುವಿನ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಬೆರಳಾಡಿಸಿ ನೋಡುತ್ತಾಳೆ; ಸಿಕ್ಕಿದರೆ ನನ್ನನ್ನು ಕರೆಯುತ್ತಾಳೆ. ಚಿಮಟದಿಂದ ಚರ್ಮದ ಬುಡದಲ್ಲಿಯೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಎರಡೂ ತಪ್ಪು.

ನಮ್ಮ ಕರಾವಳಿಗೆ ವಿಶೇಷವಾಗಿ ಸಲ್ಲುವ ಇನ್ನೊಂದು ರೋಗ ಇಲಿಜ್ವರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆ, ತೋಡು, ತೋಟದ ಕಣಿಗಳೆಲ್ಲ ತುಂಬಿ ನಿಂತಾಗ ಇಲಿಯ ಮೂತ್ರದಲ್ಲಿರುವ ಬ್ಯಾಕ್ಟೀರಿಯ ನೀರಿನಲ್ಲಿ ಸೇರಿರುತ್ತದೆ. ನಮ್ಮಲ್ಲಿ ಜನರಿಗೆ ಇದು ಬರುವುದು ಹೆಚ್ಚಾಗಿ ಕೆಸರಿನಲ್ಲಿ ಕೆಲಸ ಮಾಡುವಾಗ ಕಾಲಿನ ಬಿರುಕುಗಳ ಮೂಲಕ, ಹಾಸಿಗೆಯ ಮೇಲಿನ ನಾಯಿಯಿಂದಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಅದೇ ತೋಡಿನ ನೀರು ಕುಡಿಯುವ ನಾಯಿಗೂ ಸೋಂಕು ತಗಲುತ್ತದೆ, ಹೊರನೋಟಕ್ಕೆ ಆರೋಗ್ಯವಾಗಿರುವ ನಾಯಿಯೂ ಮೂತ್ರದ ಮೂಲಕ ಅದನ್ನು ಹೊರಹಾಕುತ್ತಿರಬಹುದು. ನಾಯಿಗೆ ಲಸಿಕೆಯಿದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಆದರೆ ಬ್ಯಾಕ್ಟೀರಿಯದ ಎಲ್ಲ ಬಗೆಗಳನ್ನೂ ಅದು ತಡೆಯುವುದಿಲ್ಲ. ಮಳೆಗಾಲದಲ್ಲಿ ಬೊಳ್ಳು ಹೊರಗಿನಿಂದ ಬಂದರೆ ಬಾಗಿಲ ಬಳಿಯೇ ಬಕೆಟ್ ನೀರಿನಲ್ಲಿ ಪಾದ ತೊಳೆದು, ಹೊಟ್ಟೆಯಡಿ ಒರೆಸಿ ಒಳಗೆ ಬಿಡುತ್ತೇವೆ. ಜಂತುಹುಳದ ಔಷಧವನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತೇವೆ. ಮೈಮೇಲೆ ಕೂದಲುದುರಿದ ದುಂಡನೆಯ ಕಲೆ ಕಂಡರೆ ಹುಳುಕಡ್ಡಿಯೆಂದು ಶಂಕಿಸಿ, ವಾಸಿಯಾಗುವವರೆಗೆ ಮಗುವಿನ ಕೋಣೆಗೂ ಬಿಡಬಾರದು.

ಇಷ್ಟು ಬರೆದ ಮೇಲೆ, ಹಾಗಾದರೆ ಕೋಣೆಯಿಂದಲೇ ಹೊರಗಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಆ ಜುಲೈ ರಾತ್ರಿಯ ಬಳಿಕ ನಾವು ಮಾಡಿದ್ದೂ ಅದನ್ನೇ. ಮಗಳು ಒಂಬತ್ತು ರಾತ್ರಿ ಸರಿಯಾಗಿ ಮಲಗಲಿಲ್ಲ; ಬೊಳ್ಳು ಮುಚ್ಚಿದ ಬಾಗಿಲಿನ ಆಚೆ ನೆಲಕ್ಕೆ ಮೂಗು ಹಚ್ಚಿ ಉಸಿರುಬಿಡುತ್ತಾ ಮಲಗಿದ್ದ. "ಅಪ್ಪ, ಅವನಿಗೆ ನೋವಾದದ್ದಕ್ಕೆ ಕಚ್ಚಿದ್ದು. ಅವನಿಗೆ ಯಾಕೆ ಶಿಕ್ಷೆ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಗಲೇ ನಾನು ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳನ್ನು ಹುಡುಕಿ ಓದಿದ್ದು. ಕೆನಡಾದ ಮಾಂಟ್ರಿಯಲ್‌ನ ಕಾಂಕಾರ್ಡಿಯ ವಿಶ್ವವಿದ್ಯಾಲಯದವರು 11ರಿಂದ 17 ವರ್ಷದ 188 ಮಕ್ಕಳ ನಿದ್ದೆಯನ್ನು ಉಪಕರಣಗಳಿಂದ ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕುಪ್ರಾಣಿಯೊಂದಿಗೆ ಮಲಗುವ ಮಕ್ಕಳ ನಿದ್ದೆಗೂ ಹಾಗೆ ಮಲಗದವರ ನಿದ್ದೆಗೂ ಒಟ್ಟಿನಲ್ಲಿ ಹೆಚ್ಚು ವ್ಯತ್ಯಾಸ ಕಂಡುಬರಲಿಲ್ಲ. ಪದೇಪದೇ ಒಟ್ಟಿಗೆ ಮಲಗುವವರೇ ತಮ್ಮ ನಿದ್ದೆ ಚೆನ್ನಾಗಿದೆಯೆಂದು ಹೆಚ್ಚಾಗಿ ಹೇಳಿದರು. ಅಮೆರಿಕದ ಮೇಯೊ ಕ್ಲಿನಿಕ್‌ನವರು 40 ವಯಸ್ಕರನ್ನೂ ಅವರ ನಾಯಿಗಳನ್ನೂ ಏಳು ರಾತ್ರಿ ಗಮನಿಸಿ 2017ರಲ್ಲಿ ಹೇಳಿದ್ದು ನನಗೆ ಇನ್ನೂ ಉಪಯುಕ್ತವಾಯಿತು: ನಾಯಿ ಕೋಣೆಯಲ್ಲಿದ್ದರೆ ನಿದ್ದೆಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಹಾಸಿಗೆಯ ಮೇಲಿದ್ದರೆ ನಿದ್ದೆ ಸ್ವಲ್ಪ ಕೆಡುತ್ತದೆ. ಒಂದು ಹಿರಿಯ ಮಕ್ಕಳ ಬಗ್ಗೆ, ಇನ್ನೊಂದು ದೊಡ್ಡವರ ಬಗ್ಗೆ. ಆರು ವರ್ಷದ ಮಗುವಿಗೆ ಇವೆರಡನ್ನೂ ಹಾಗೆಯೇ ಅನ್ವಯಿಸಲಾಗದು. ಆದರೂ ಮಗಳಿಗೆ ಬೇಕಾಗಿದ್ದದ್ದು ಕೋಣೆಯಲ್ಲಿ ಬೊಳ್ಳುವಿನ ಉಸಿರಿನ ಸದ್ದು, ಅದಕ್ಕೆ ಅವನು ಹಾಸಿಗೆಯ ಮೇಲೆಯೇ ಇರಬೇಕಾಗಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು.

ಉಬ್ಬಸವಿರುವ ಮಗುವಿಗಾದರೆ ನಾನು ಕೋಣೆಯನ್ನೂ ಒಪ್ಪುವುದಿಲ್ಲ. ಅಲರ್ಜಿ ತರುವ ಪ್ರೋಟೀನು ನಾಯಿಯ ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವುದರಿಂದ ಕೂದಲು ಉದುರದ ತಳಿಯೆಂದು ಹೆಚ್ಚು ಹಣ ಕೊಟ್ಟು ತಂದರೂ ಪ್ರಯೋಜನವಿಲ್ಲ. ನಾಯಿಯಿರುವ ಮನೆಯಲ್ಲಿ ಮೊದಲ ವರ್ಷ ಕಳೆದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಆಸ್ತಮಾ ಬರುವ ಸಂಭವ ಶೇಕಡ 13ರಷ್ಟು ಕಡಿಮೆಯೆಂದು ಸ್ವೀಡನ್‌ನಲ್ಲಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿದೆ ನಿಜ. ಅದು ಮನೆಯಲ್ಲಿ ನಾಯಿಯಿರುವುದರ ಮಾತು, ಆಗಲೇ ಉಬ್ಬಸ ಹತ್ತಿದ ಮಗುವಿನ ಹಾಸಿಗೆಯಲ್ಲಿ ಅದು ಮಲಗುವುದರ ಮಾತಲ್ಲ. ಒಂದು ವರ್ಷದೊಳಗಿನ ಶಿಶುವಿನ ಜೊತೆ, ಅದು ತೊಟ್ಟಿಲಾಗಲಿ ಚಾಪೆಯಾಗಲಿ, ಯಾವ ಪ್ರಾಣಿಯನ್ನೂ ಮಲಗಿಸಬಾರದು.

ಗೋಣಿಚೀಲಕ್ಕೆ ಬೊಳ್ಳುವನ್ನು ಒಗ್ಗಿಸಲು ಮೂರು ವಾರ ಬೇಕಾಯಿತು. ಮಂಚದಿಂದ ಇಳಿಸಿ ಗದರಿಸಲಿಲ್ಲ. ಹಗಲು ಹೊತ್ತಿನಲ್ಲಿ ಗೋಣಿಯ ಮೇಲೆ ಕುಳಿತಾಗಲೆಲ್ಲ ಮಗಳು ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಟ್ಟಳು, ತನ್ನ ಹಳೆಯ ಫ್ರಾಕೊಂದನ್ನು ಅದರ ಮೇಲೆ ಹಾಸಿದಳು. ರಾತ್ರಿ ಮಂಚ ಹತ್ತಿದರೆ ಮಾತಾಡದೆ ಕೆಳಗಿಳಿಸಿ ಗೋಣಿಯ ಕಡೆಗೆ ಕರೆದಳು. ಮಂಚದ ಬಳಿ ಚಿಕ್ಕ ರಾತ್ರಿದೀಪ ಹಾಕಿದೆವು, ಕರೆಂಟ್ ಹೋದರೂ ಉರಿಯುವಂಥದು. ರಾತ್ರಿ ಏಳಬೇಕಾದರೆ ಕಾಲು ಕೆಳಗಿಡುವ ಮೊದಲು ಅವನ ಹೆಸರು ಕರೆಯಬೇಕು, ಅವನ ಬಾಲ ನೆಲಕ್ಕೆ ಬಡಿದ ಸದ್ದು ಕೇಳಿದ ಮೇಲೆ ಇಳಿಯಬೇಕು ಎಂಬುದು ನಿಯಮ. ಅವಳು ಅದನ್ನು ಒಮ್ಮೆಯೂ ಮರೆತಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಗೆ ಬೊಳ್ಳು ಗೋಣಿಯನ್ನೂ ಬಿಟ್ಟು ಬಚ್ಚಲ ಬಾಗಿಲಿನ ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ. ನಾಯಿಯ ಮೈಯ ಶಾಖ ನಮ್ಮದಕ್ಕಿಂತ ಹೆಚ್ಚು, ನಮ್ಮಂತೆ ಮೈಯೆಲ್ಲ ಬೆವರುವುದೂ ಇಲ್ಲ. ಮಂಚದ ಮೇಲಿದ್ದ ದಿನಗಳಲ್ಲಿಯೂ ಅವನಿಗೆ ಸೆಕೆಯಾಗುತ್ತಿತ್ತೋ ಏನೋ, ಮಗಳು ಎಳೆದು ಅಪ್ಪಿಕೊಳ್ಳುತ್ತಿದ್ದುದರಿಂದ ಇದ್ದನೋ ಏನೋ.

ಮಗಳಿಗೆ ಈಗ ಎಂಟು ದಾಟಿದೆ. ಹನ್ನೆರಡು ವರ್ಷವಾದ ಮೇಲೆ ಅವನು ಮತ್ತೆ ಮೇಲೆ ಮಲಗಬಹುದೇ ಎಂದು ಕಳೆದ ವಾರ ಕೇಳಿದಳು. ಅಷ್ಟು ಹೊತ್ತಿಗೆ ನಾಯಿಯ ಸೂಚನೆಗಳನ್ನು ಓದುವುದರಲ್ಲಿ ಅವಳು ನನ್ನನ್ನು ಮೀರಿಸಿರುತ್ತಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೊಳ್ಳುವಿಗೆ ಆಗ ಹನ್ನೊಂದು. ಆ ವಯಸ್ಸಿನ ನಾಯಿಗೆ ಕಿವಿ ಮಂದವಾಗುತ್ತದೆ, ಕಣ್ಣು ಮಸುಕಾಗುತ್ತದೆ, ಸೊಂಟದ ಕೀಲು ಮುಟ್ಟಿದರೆ ನೋಯುತ್ತದೆ. ಹೆಸರು ಕರೆದರೂ ಕೇಳಿಸದೆ ಬೆಚ್ಚಿ ಏಳುವ ದಿನಗಳು ಅವು. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಗ ನಾನೇ ಕೆಳಗೆ ಚಾಪೆ ಹಾಕ್ತೇನೆ. ಸ್ವಲ್ಪ ದೂರದಲ್ಲಿ" ಎಂದಳು.